ಊರ ನಾಟಕವೂ ಹೊಸ ರಂಗಭೂಮಿಯೂ

ಕಲೆಗಳಲ್ಲಿ ನಾಟಕಕ್ಕೆ ಒಂದು ವಿಶೇಷ ಸ್ಥಾನವಿದೆ. ಕವಿತೆಯನ್ನು ಒಬ್ಬನೇ ಕುಳಿತು ಬರೆಯಬಹುದು. ಒಬ್ಬನೇ ಕುಳಿತು ಓದಬಹುದು. ಚಿತ್ರವನ್ನು ಬರೆಯಲು ಒಂದು ಕೈ, ನೋಡಲು ಎರಡು ಕಣ್ಣು ಸಾಕು. ನಾಟಕವಾದರೋ ಒಬ್ಬನಿಂದ ಆಗುವ ಕೆಲಸವಲ್ಲ. ಬರೆಯುವವನು, ಆಡಿಸುವವನು, ಆಡುವವರು, ಹಾಡುವವರು, ಬಣ್ಣ ಹಚ್ಚುವವರು, ಕೊನೆಗೆ ಎದುರಿನಲ್ಲಿ ಕುಳಿತು ನೋಡುವವರು, ಇಷ್ಟು ಜನ ಕೂಡಿದಾಗ ಮಾತ್ರ ನಾಟಕ ಹುಟ್ಟುತ್ತದೆ. ಆದುದರಿಂದ ಒಂದು ಊರಿನ ನಾಟಕವನ್ನು ನೋಡಿದರೆ ಆ ಊರಿನ ಜನರು ಹೇಗೆ ಕೂಡಿ ಬಾಳುತ್ತಿದ್ದಾರೆ ಎಂಬುದನ್ನೂ ನೋಡಿದಂತಾಗುತ್ತದೆ. ರಂಗದ ಮೇಲೆ ಯಾರು ನಿಂತಿದ್ದಾರೆ? ಅಲ್ಲಿ ಯಾರ ಕಥೆ ನಡೆಯುತ್ತಿದೆ? ಯಾರು ದೂರದಲ್ಲಿ ನಿಂತು ನೋಡಿ ಹಿಂದಿರುಗುತ್ತಿದ್ದಾರೆ? ಈ ಮೂರು ಪ್ರಶ್ನೆಗಳನ್ನು ಕೇಳಿದರೆ ನಾಟಕದ ಗುಣ ತಿಳಿಯುವಷ್ಟೇ ಸಮಾಜದ ಗುಣವೂ ತಿಳಿಯುತ್ತದೆ.

ತುಮಕೂರು ಜಿಲ್ಲೆಯ ಮಧುಗಿರಿ, ಶಿರಾ, ಕೊರಟಗೆರೆ ಮತ್ತು ಪಾವಗಡ ತಾಲ್ಲೂಕುಗಳು ಈ ದೃಷ್ಟಿಯಿಂದ ಗಮನಿಸತಕ್ಕ ಪ್ರದೇಶಗಳಾಗಿವೆ. ಶಾಲೆಗಳ ಆಡಳಿತದ ಅನುಕೂಲಕ್ಕಾಗಿ ಈ ನಾಲ್ಕು ತಾಲ್ಲೂಕುಗಳನ್ನು ಕೂಡಿಸಿ ಮಧುಗಿರಿ ಶೈಕ್ಷಣಿಕ ಜಿಲ್ಲೆಯೆಂದು ಹೆಸರಿಡಲಾಗಿದೆ. ಇದು ಬಂಡೆಬೆಟ್ಟಗಳ ನಾಡು. ಮಳೆ ಕಡಿಮೆ, ರಾಗಿ ಮತ್ತು ಕಡಲೆಕಾಯಿಗಳನ್ನು ನಂಬಿದ ಬೇಸಾಯ. ಬರ ಬರುವುದು ಇಲ್ಲಿ ಅಪರೂಪದ ಸಂಗತಿಯೇನಲ್ಲ. ಆದರೆ ನಾಟಕದ ವಿಷಯದಲ್ಲಿ ಈ ಸೀಮೆಗೆ ಬರ ಬಂದುದಿಲ್ಲ.

ಸುಗ್ಗಿ ಮುಗಿದು, ಕಣದ ಕೆಲಸ ತೀರಿ, ಮುಂದಿನ ಮಳೆಗೆ ಇನ್ನೂ ಬಿಡುವಿರುವ ದಿನಗಳಲ್ಲಿ ಊರಿಗೆ ಹಾರ್ಮೋನಿಯಂ ಮೇಷ್ಟ್ರು ಬರುತ್ತಾರೆ. ಹಗಲೆಲ್ಲ ಹೊಲದಲ್ಲಿ, ಕುರಿಯ ಹಿಂದೆ ಅಥವಾ ಅಂಗಡಿಯಲ್ಲಿ ದುಡಿದವರು ರಾತ್ರಿಯ ಊಟ ಮುಗಿಸಿ ದೇವಸ್ಥಾನದ ಅಂಗಳದಲ್ಲಿಯೋ ಶಾಲೆಯ ಜಗುಲಿಯಲ್ಲಿಯೋ ಸೇರುತ್ತಾರೆ. ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ತಾಲೀಮು ನಡೆಯುತ್ತದೆ. ಹೆಚ್ಚು ಓದದವರು ಕೂಡ ಕಂದಪದ್ಯಗಳನ್ನೂ ವೃತ್ತಗಳನ್ನೂ ಉದ್ದುದ್ದನೆಯ ಮಾತುಗಳನ್ನೂ ಬಾಯಿಪಾಠ ಮಾಡುತ್ತಾರೆ. ಬಳಿಕ ಜಾತ್ರೆಯ ಅಥವಾ ಹಬ್ಬದ ಒಂದು ರಾತ್ರಿ, ಪಟ್ಟಣದಿಂದ ಬಾಡಿಗೆಗೆ ತಂದ ಪರದೆ, ಕಿರೀಟ, ಗದೆ, ಭುಜಕೀರ್ತಿಗಳ ನಡುವೆ ‘ಕುರುಕ್ಷೇತ್ರ’ವೋ ‘ದಾನಶೂರ ಕರ್ಣ’ವೋ ಬೆಳಗಿನ ಜಾವದವರೆಗೆ ನಡೆಯುತ್ತದೆ. ಸುತ್ತಲಿನ ಹಳ್ಳಿಗಳವರು ಕಂಬಳಿ ಹೊದ್ದು ಬಂದು ನೋಡುತ್ತಾರೆ. ಒಳ್ಳೆಯ ಪದ್ಯವನ್ನು ಮತ್ತೆ ಹಾಡಿಸುತ್ತಾರೆ. ಮೆಚ್ಚಿದ ನಟನಿಗೆ ಹಾರ ಹಾಕುತ್ತಾರೆ. ನಾಡಿನ ಬಹು ಭಾಗಗಳಲ್ಲಿ ದೂರದರ್ಶನ, ಚಲನಚಿತ್ರ, ಮೊಬೈಲ್‌ಗಳು ಜನರನ್ನು ಮನೆಯೊಳಗೆ ಕೂಡಿಸಿರುವ ಈ ಕಾಲದಲ್ಲಿಯೂ ಇಲ್ಲಿನ ಊರುಗಳು ನಾಟಕವನ್ನು ಬಿಟ್ಟುಕೊಟ್ಟಿಲ್ಲ.

ಈ ಊರ ನಾಟಕದ ಬಗ್ಗೆ ಎರಡು ಅಭಿಪ್ರಾಯಗಳಿವೆ. ನಗರದ ವಿದ್ಯಾವಂತರಲ್ಲಿ ಕೆಲವರು ಇದನ್ನು ಹಳೆಯ ಕಾಲದ ಅವಶೇಷವೆಂದು ಭಾವಿಸುತ್ತಾರೆ. ಕೂಗಿ ಹಾಡುವ ಹಾಡು, ಥಳಥಳಿಸುವ ಉಡುಪು, ಮುಗಿಯದ ಯುದ್ಧ. ಇದರಲ್ಲಿ ಇಂದಿನ ಬದುಕಿಗೆ ಸಂಬಂಧಿಸಿದುದೇನಿದೆ ಎಂದು ಅವರು ಕೇಳುತ್ತಾರೆ. ಊರಿನವರಾದರೋ ಹೊಸ ನಾಟಕವನ್ನು ಕಂಡು ನಗುತ್ತಾರೆ. ಪರದೆಯಿಲ್ಲ, ಕಿರೀಟವಿಲ್ಲ, ಹಾಡಿಲ್ಲ. ನಾಲ್ಕು ಜನ ಬರಿಯ ಬಟ್ಟೆಯಲ್ಲಿ ನಿಂತು ಮಾತನಾಡಿದರೆ ಅದು ನಾಟಕವೇ ಎಂಬುದು ಅವರ ಪ್ರಶ್ನೆ. ಈ ಎರಡು ಅಭಿಪ್ರಾಯಗಳೂ ಅರ್ಧ ಸತ್ಯಗಳು. ಊರ ನಾಟಕ ಮತ್ತು ಹೊಸ ರಂಗಭೂಮಿ ಒಂದಕ್ಕೊಂದು ಶತ್ರುಗಳಲ್ಲ. ಒಂದರಲ್ಲಿ ಇರುವುದು ಇನ್ನೊಂದರಲ್ಲಿ ಇಲ್ಲ; ಒಂದಕ್ಕೆ ಬೇಕಾದುದು ಇನ್ನೊಂದರಲ್ಲಿದೆ. ಇದನ್ನು ಅರಿಯಬೇಕಾದರೆ ಆಧುನಿಕ ನಾಟಕವು ನಡೆದು ಬಂದ ದಾರಿಯನ್ನು ಸ್ವಲ್ಪ ನೋಡಬೇಕು.

ಆಧುನಿಕವೆಂದರೆ ಹೊಸ ದೀಪ, ಹೊಸ ಉಡುಪು, ಹೊಸ ಮಾತು ಎಂದು ಹಲವರು ತಿಳಿದಿದ್ದಾರೆ. ಅವು ಹೊರಗಿನ ಲಕ್ಷಣಗಳು ಮಾತ್ರ. ಯೂರೋಪಿನಲ್ಲಿ ಬಹುಕಾಲ ಗಂಭೀರ ನಾಟಕದ ನಾಯಕರು ರಾಜರು, ವೀರರು, ಶ್ರೀಮಂತರು ಆಗಿದ್ದರು. ನಾರ್ವೆ ದೇಶದ ಇಬ್ಸೆನ್ನನು 1879ರಲ್ಲಿ ಬರೆದ ನಾಟಕವೊಂದರಲ್ಲಿ ನೋರಾ ಎಂಬ ಸಾಮಾನ್ಯ ಗೃಹಿಣಿ ಬಂದಳು. ಗಂಡನ ಮನೆಯಲ್ಲಿ ತಾನು ಬೊಂಬೆಯಂತೆ ಬಾಳಿದೆನೆಂದು ಅರಿತು, ಆ ಮನೆಯ ಬಾಗಿಲನ್ನು ಎಳೆದುಕೊಂಡು ಹೊರಟುಹೋದಳು. ಅಲ್ಲಿಯವರೆಗೆ ಅಡುಗೆಮನೆಯ ಒಳಗೆ ಉಳಿದಿದ್ದ ದುಃಖಕ್ಕೆ ರಂಗದ ಮೇಲೆ ಸ್ಥಳ ದೊರೆಯಿತು. ಜರ್ಮನಿಯ ಬ್ರೆಕ್ಟನು ಪ್ರೇಕ್ಷಕನನ್ನು ಕುರಿತು ಬೇರೊಂದು ಬಗೆಯಲ್ಲಿ ಯೋಚಿಸಿದನು. ನೋಡುವವನು ಕಥೆಯಲ್ಲಿ ಮೈಮರೆಯಬಾರದು, ‘ಇದು ಹೀಗೇಕೆ ನಡೆಯಿತು? ಬೇರೆ ರೀತಿ ನಡೆಯಬಹುದಾಗಿತ್ತಲ್ಲವೆ?’ ಎಂದು ಎಚ್ಚರದಿಂದ ಕೇಳಬೇಕು ಎಂಬುದು ಅವನ ಮತ. ಒಬ್ಬನು ಹೊರಗಿದ್ದವರನ್ನು ರಂಗದ ಮೇಲೆ ಕರೆದನು. ಇನ್ನೊಬ್ಬನು ಸುಮ್ಮನೆ ಕುಳಿತಿದ್ದವನನ್ನು ವಿಚಾರಕ್ಕೆ ಕರೆದನು. ಹೊರಗಿನವರನ್ನು ಒಳಕ್ಕೆ ಕರೆಯುವುದೇ ಆಧುನಿಕ ನಾಟಕದ ಹುರುಳು. ರಂಗಚಳವಳಿಗಳನ್ನು ಈ ಅಳತೆಗೋಲಿನಿಂದ ಅಳೆಯುವುದು ಉಚಿತವಾಗಿದೆ.

ಕನ್ನಡ ರಂಗಭೂಮಿಯ ಚರಿತ್ರೆಯೂ ಇದನ್ನೇ ಹೇಳುತ್ತದೆ. ದೊರೆತಿರುವ ಮೊದಲ ಕನ್ನಡ ನಾಟಕವಾದ ಸಿಂಗರಾರ್ಯನ ‘ಮಿತ್ರವಿಂದಾ ಗೋವಿಂದ’ ಹುಟ್ಟಿದ್ದು ಮೈಸೂರಿನ ಅರಸರ ಆಸ್ಥಾನದಲ್ಲಿ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಚಾಮರಾಜೇಂದ್ರ ಒಡೆಯರ ಆಶ್ರಯದಲ್ಲಿ ಬಸವಪ್ಪಶಾಸ್ತ್ರಿಗಳು ಕಾಳಿದಾಸನ ‘ಶಾಕುಂತಲ’ವನ್ನು ಕನ್ನಡಕ್ಕೆ ತಂದರು. ಅರಮನೆಯ ನಾಟಕ ಸಭೆಯೂ ಆ ಕಾಲದಲ್ಲಿಯೇ ಬೆಳೆಯಿತು. ಉತ್ತರದಲ್ಲಿ ಶಾಂತಕವಿಗಳು ಮರಾಠಿ ನಾಟಕಗಳ ಪ್ರಾಬಲ್ಯಕ್ಕೆ ಎದುರಾಗಿ ಕನ್ನಡ ನಾಟಕಗಳನ್ನು ಬರೆದು ಆಡಿಸಿದರು. ಇವೆಲ್ಲ ದೊಡ್ಡ ಕೆಲಸಗಳೇ. ಆದರೆ ಅರಮನೆಯ ರಂಗಕ್ಕೆ ಹಳ್ಳಿಯ ಒಕ್ಕಲಿಗ ಪ್ರವೇಶಿಸುವಂತಿರಲಿಲ್ಲ. ಅವನಿಗೆ ಇದ್ದುದು ಮೂಡಲಪಾಯ ಬಯಲಾಟ. ತುಮಕೂರು ಸೀಮೆಯಲ್ಲಿ ಬೆಳೆದು ಬಂದ ಈ ಆಟದಲ್ಲಿ ಭಾಗವತನ ಹಾಡು, ಮುಖವೀಣೆಯ ದನಿ, ಕುಣಿತ, ಪಾತ್ರಧಾರಿಯನ್ನು ಮಾತಿಗೆಳೆಯುವ ಸಾರಥಿ, ಎಲ್ಲವೂ ಬಯಲಿನಲ್ಲಿಯೇ ನಡೆಯುತ್ತಿದ್ದುವು.

1884ರಲ್ಲಿ ಇದೇ ಜಿಲ್ಲೆಯ ಗುಬ್ಬಿಯಲ್ಲಿ ಒಂದು ನಾಟಕ ಸಂಘ ಹುಟ್ಟಿತು. ಮುಂದೆ ವೀರಣ್ಣನವರ ನೇತೃತ್ವದಲ್ಲಿ ಅದು ‘ಗುಬ್ಬಿ ಕಂಪನಿ’ ಎಂದು ನಾಡಿನಲ್ಲೆಲ್ಲ ಹೆಸರಾಯಿತು. ಪಾರಸಿ ಕಂಪನಿಗಳಿಂದ ಬಂದ ಚಿತ್ರ ಬರೆದ ಪರದೆಗಳು, ಕಣ್ಣು ಕೋರೈಸುವ ದೃಶ್ಯಗಳು, ಸಂಗೀತ ಇವೆಲ್ಲವನ್ನೂ ಅದು ಬಳಸಿಕೊಂಡಿತು. ‘ಕುರುಕ್ಷೇತ್ರ’ ನಾಟಕದಲ್ಲಿ ನಿಜವಾದ ಆನೆ ಕುದುರೆಗಳನ್ನೇ ರಂಗಕ್ಕೆ ತಂದ ಕೀರ್ತಿ ಅದರದು. ಸ್ತ್ರೀಪಾತ್ರಗಳನ್ನು ಗಂಡಸರೇ ಆಡುತ್ತಿದ್ದ ಕಾಲದಲ್ಲಿ ಅದು ನಟಿಯರಿಗೆ ಅವಕಾಶ ಕೊಟ್ಟಿತು. ಮುಖ್ಯವಾಗಿ, ಟಿಕೆಟಿನ ಹಣ ಕೊಟ್ಟ ಯಾರೇ ಆಗಲಿ ನಾಟಕ ನೋಡಬಹುದಾಯಿತು. ಅರಮನೆಯ ಅಂಗಳವನ್ನು ದಾಟಿ ನಾಟಕವು ಡೇರೆಗೆ ಬಂದಿತು. ಕಂಪನಿಯ ನಾಟಕ ಕಂಡ ಹಳ್ಳಿಯವರು ತಮ್ಮ ಊರಿನಲ್ಲಿಯೂ ಅಂತಹ ಪರದೆ ಕಟ್ಟಬೇಕೆಂದು ಆಸೆಪಟ್ಟರು. ಬಯಲಾಟದ ಅಭಿರುಚಿಗೆ ಕಂಪನಿಯ ವೈಭವ ಕೂಡಿ ಇಂದಿನ ಊರ ನಾಟಕ ರೂಪುಗೊಂಡಿತು. ಪಾವಗಡ ತಾಲ್ಲೂಕಿಗೆ ಮೂರು ಕಡೆ ಆಂಧ್ರಪ್ರದೇಶದ ನೆರೆಯಿರುವುದರಿಂದ ಅಲ್ಲಿ ಕನ್ನಡ ಪದ್ಯದ ಜೊತೆಗೆ ತೆಲುಗು ಪದ್ಯವನ್ನೂ ಜನರು ಸವಿಯಬಲ್ಲರು.

ಇತ್ತ ಬೆಂಗಳೂರಿನಲ್ಲಿ ಟಿ. ಪಿ. ಕೈಲಾಸಂ ಅವರು ಕಂಪನಿ ನಾಟಕಗಳ ರಾಜರಾಣಿಯರನ್ನು ಬದಿಗಿಟ್ಟು ಮಧ್ಯಮವರ್ಗದ ಮನೆಯನ್ನು ರಂಗದ ಮೇಲೆ ತಂದರು. ಆ ಮನೆಗಳ ಇಂಗ್ಲಿಷ್ ಬೆರೆತ ಕನ್ನಡವೇ ಅವರ ಪಾತ್ರಗಳ ಮಾತಾಯಿತು. ಪರೀಕ್ಷೆಯಲ್ಲಿ ಮುಂದಿರುವ ಹುಡುಗ ಟೊಳ್ಳು, ದಡ್ಡನೆನಿಸಿಕೊಂಡವನು ಗಟ್ಟಿ ಎಂದು ತೋರಿಸಿದ ‘ಟೊಳ್ಳುಗಟ್ಟಿ’ಯನ್ನು ಇಂದಿಗೂ ವಿದ್ಯಾರ್ಥಿಗಳು ಮರೆಯುವಂತಿಲ್ಲ. ತುಮಕೂರು ಜಿಲ್ಲೆಯ ಸಂಪಿಗೆಯಲ್ಲಿ ಹುಟ್ಟಿದ ಬಿ. ಎಂ. ಶ್ರೀಕಂಠಯ್ಯನವರು ಗ್ರೀಕ್ ದುರಂತ ನಾಟಕದ ಗಾಂಭೀರ್ಯವನ್ನು ‘ಅಶ್ವತ್ಥಾಮನ್’ ನಾಟಕದ ಮೂಲಕ ಕನ್ನಡಕ್ಕೆ ಪರಿಚಯಿಸಿದರು. ಶ್ರೀರಂಗರು ಸಮಾಜದ ಡಾಂಭಿಕತೆಯನ್ನು ತಮ್ಮ ನಾಟಕಗಳಲ್ಲಿ ಬಯಲಿಗೆಳೆದರು.

ಕುವೆಂಪು ಅವರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. 1928ರ ‘ಜಲಗಾರ’ದಲ್ಲಿ ಬೀದಿ ಗುಡಿಸುವವನೇ ನಾಯಕ. ಗುಡಿಯೊಳಗೆ ಹೋಗಲಾರದ ಆ ದುಡಿಮೆಗಾರನಿರುವಲ್ಲಿಗೆ ಶಿವನೇ ಬರುತ್ತಾನೆ. 1944ರ ‘ಶೂದ್ರ ತಪಸ್ವಿ’ಯಲ್ಲಿ ಅವರು ರಾಮಾಯಣದ ಶಂಬೂಕನ ಕಥೆಯನ್ನು ಹೊಸದಾಗಿ ಕಂಡರಿಸಿದರು. ತಪಸ್ಸು ಮಾಡಿದ ಶೂದ್ರನು ಅಲ್ಲಿ ಸಾಯುವುದಿಲ್ಲ. ಅವನನ್ನು ಕೀಳೆಂದು ಬಗೆದವನ ಕಣ್ಣು ತೆರೆಯುತ್ತದೆ. ಪುರಾಣವನ್ನು ಬಿಡದೆ ಪುರಾಣಕ್ಕೆ ಹೊಸ ಪ್ರಶ್ನೆ ಹಾಕಬಹುದು ಎಂಬುದಕ್ಕೆ ಇದು ಉತ್ತಮ ನಿದರ್ಶನ.

ಸ್ವಾತಂತ್ರ್ಯಾನಂತರದ ನವ್ಯ ನಾಟಕಕಾರರಲ್ಲಿ ಗಿರೀಶ ಕಾರ್ನಾಡ, ಪಿ. ಲಂಕೇಶ್, ಚಂದ್ರಶೇಖರ ಕಂಬಾರ ಮುಖ್ಯರು. ಕಾರ್ನಾಡರ ‘ತುಘಲಕ್’ 1964ರಲ್ಲಿ ಬಂದಿತು. 1971ರ ‘ಹಯವದನ’ದಲ್ಲಿ ಅವರು ಯಕ್ಷಗಾನದ ಭಾಗವತನನ್ನೂ ತೆರೆಯನ್ನೂ ಬಳಸಿದರು. ಕಂಬಾರರು ಉತ್ತರ ಕರ್ನಾಟಕದ ಜೋಕುಮಾರನ ಆಚರಣೆಯನ್ನೂ ಬಯಲಾಟದ ರೀತಿಯನ್ನೂ ಹಿಡಿದು ‘ಜೋಕುಮಾರಸ್ವಾಮಿ’ ಬರೆದರು. ಭೂಮಿ ಯಾರದು, ಉಳುವವನದೋ ಒಡೆಯನದೋ ಎಂಬ ಪ್ರಶ್ನೆ ಅದರೊಳಗಿದೆ. ಹೀಗೆ ಹೊಸ ನಾಟಕವು ದೇಶವಿದೇಶ ಸುತ್ತಿ ಕೊನೆಗೆ ಬಯಲಾಟದ ಬಾಗಿಲಿಗೇ ಬಂದು ನಿಂತಿತು.

ಈ ನಾಟಕಗಳಿಗೆ ರಂಗದ ಮೇಲೆ ಜೀವ ತುಂಬಿದವರಲ್ಲಿ ಬಿ. ವಿ. ಕಾರಂತರು ಅಗ್ರಗಣ್ಯರು. ದಕ್ಷಿಣ ಕನ್ನಡದ ಹಳ್ಳಿಯೊಂದರ ಹುಡುಗ ಮನೆ ಬಿಟ್ಟು ಬಂದು ಸೇರಿದ್ದು ಗುಬ್ಬಿ ಕಂಪನಿಯನ್ನು. ವೀರಣ್ಣನವರ ನೆರವಿನಿಂದಲೇ ಅವರು ಕಾಶಿಗೆ ಹೋಗಿ ಓದಿದರು. ಬಳಿಕ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯಲ್ಲಿ ಕಲಿತು, ಮುಂದೆ ಅದರ ನಿರ್ದೇಶಕರೂ ಆದರು. 1972ರಲ್ಲಿ ಬೆಂಗಳೂರಿನ ಬಯಲು ರಂಗದಲ್ಲಿ ಅವರು ಆಡಿಸಿದ ‘ಈಡಿಪಸ್’, ‘ಸಂಕ್ರಾಂತಿ’ ಮತ್ತು ‘ಜೋಕುಮಾರಸ್ವಾಮಿ’ ನಾಟಕಗಳು ಹವ್ಯಾಸಿ ರಂಗಭೂಮಿಗೆ ಹೊಸ ಹುರುಪು ತಂದುವು. 1989ರಲ್ಲಿ ಮೈಸೂರಿನಲ್ಲಿ ‘ರಂಗಾಯಣ’ ಆರಂಭವಾದಾಗ ಅದರ ಮೊದಲ ನಿರ್ದೇಶಕರೂ ಅವರೇ. ಗುಬ್ಬಿಯ ಪರದೆಯ ಹಿಂದೆ ಬೆಳೆದವನೇ ಪರದೆಯಿಲ್ಲದ ರಂಗವನ್ನು ಕಟ್ಟಿದನೆಂಬುದನ್ನು ಹಳೆಯದು ಹೊಸದು ಎಂದು ಜಗಳವಾಡುವವರು ನೆನೆಯಬೇಕು.

ನಾಟಕವು ರಂಗಮಂದಿರದಿಂದಲೂ ಹೊರಗೆ ಬಂದಿತು. ಬಂಗಾಳದ ಬಾದಲ್ ಸರ್ಕಾರರು ಹಳ್ಳಿಯ ಜನಪದ ರಂಗ ಒಂದನೆಯದು, ನಗರದ ರಂಗ ಎರಡನೆಯದು ಎಂದೆಣಿಸಿ, ಎರಡನ್ನೂ ಬೆಸೆಯುವ ‘ಮೂರನೆಯ ರಂಗಭೂಮಿ’ಯನ್ನು ಕಲ್ಪಿಸಿದರು. ಅದಕ್ಕೆ ವೇದಿಕೆ ಬೇಡ, ಪರದೆ ಬೇಡ, ದುಬಾರಿ ದೀಪ ಬೇಡ. ನಟನ ಮೈ, ದನಿ ಮತ್ತು ಎದುರಿನ ಮನುಷ್ಯ ಇದ್ದರೆ ಸಾಕು. ಕರ್ನಾಟಕದಲ್ಲಿ 1975ರಲ್ಲಿ ಹುಟ್ಟಿದ ‘ಸಮುದಾಯ’ವು ಬೀದಿನಾಟಕಗಳನ್ನು ಹಿಡಿದು ಊರೂರಿಗೆ ಜಾಥಾ ಹೊರಟಿತು. ಬಿಹಾರದ ಬೆಲ್ಚಿಯಲ್ಲಿ ದಲಿತರ ಮೇಲೆ ನಡೆದ ಕ್ರೌರ್ಯವನ್ನು ಅದರ ‘ಬೆಲ್ಚಿ’ ನಾಟಕ ಕನ್ನಡದ ಬೀದಿಗಳಿಗೆ ತಿಳಿಸಿತು. ಸಾಗರ ತಾಲ್ಲೂಕಿನ ಹೆಗ್ಗೋಡೆಂಬ ಹಳ್ಳಿಯಲ್ಲಿ 1949ರಲ್ಲಿ ಹುಟ್ಟಿದ ‘ನೀನಾಸಮ್’ ಕೆ. ವಿ. ಸುಬ್ಬಣ್ಣನವರ ಶ್ರದ್ಧೆಯಿಂದ ಬೆಳೆದು, 1980ರಲ್ಲಿ ರಂಗಶಿಕ್ಷಣ ಕೇಂದ್ರವನ್ನೂ 1985ರಲ್ಲಿ ‘ತಿರುಗಾಟ’ವನ್ನೂ ಆರಂಭಿಸಿತು. ಜಗತ್ತಿನ ಶ್ರೇಷ್ಠ ನಾಟಕಗಳನ್ನು ಅಡಕೆ ಬೆಳೆಯುವ ಹಳ್ಳಿಯವರೂ ನೋಡಬಲ್ಲರು, ಆಡಬಲ್ಲರು ಎಂಬುದನ್ನು ಅದು ಸಿದ್ಧಪಡಿಸಿತು.

ಅರಮನೆಯಿಂದ ಡೇರೆಗೆ, ಡೇರೆಯಿಂದ ಮನೆಯ ನಡುಮನೆಗೆ, ಅಲ್ಲಿಂದ ಬೀದಿಗೆ, ಬೀದಿಯಿಂದ ಹಳ್ಳಿಗೆ ನಾಟಕ ಸಾಗಿ ಬಂದ ಬಗೆಯಿದು. ಪ್ರತಿ ಹೆಜ್ಜೆಯಲ್ಲಿಯೂ ಹೊರಗಿದ್ದ ಯಾರೋ ಒಬ್ಬರು ಒಳಕ್ಕೆ ಬಂದರು. ಈಗ ಅದೇ ಅಳತೆಗೋಲನ್ನು ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಗಳ ಊರ ನಾಟಕಕ್ಕೂ ಹಿಡಿಯಬೇಕು.

ಮೊದಲು ಅದರ ಹೆಚ್ಚಳವನ್ನು ಒಪ್ಪಬೇಕು. ಹೊಸ ರಂಗಭೂಮಿ ದೊಡ್ಡ ದೊಡ್ಡ ಸಿದ್ಧಾಂತಗಳಿಂದ ಸಾಧಿಸಲು ಹವಣಿಸುವ ಜನರ ಪಾಲುಗೊಳ್ಳುವಿಕೆ ಊರ ನಾಟಕದಲ್ಲಿ ಸಹಜವಾಗಿಯೇ ಇದೆ. ಇಲ್ಲಿ ನಟನೂ ಪ್ರೇಕ್ಷಕನೂ ಒಂದೇ ಬಾವಿಯ ನೀರು ಕುಡಿದವರು. ನಿನ್ನೆ ಗೊಬ್ಬರ ಹೊತ್ತವನು ಇಂದು ಭೀಮ. ಸರ್ಕಾರದ ಸಹಾಯಧನಕ್ಕಾಗಿ ಕಾಯದೆ ಊರು ತನ್ನ ನಾಟಕವನ್ನು ತಾನೇ ಕಟ್ಟುತ್ತದೆ. ಶಾಲೆಯನ್ನು ಅರ್ಧಕ್ಕೆ ಬಿಟ್ಟವನ ನಾಲಗೆಯ ಮೇಲೆ ಹಳಗನ್ನಡದ ಛಂದಸ್ಸು ನಿಲ್ಲುವುದು ಸಾಮಾನ್ಯ ವಿಷಯವಲ್ಲ. ನಗರದ ಎಷ್ಟೋ ಹವ್ಯಾಸಿ ತಂಡಗಳಿಗೆ ಇಂತಹ ಪ್ರೇಕ್ಷಕರು ಕನಸಿನಲ್ಲಿಯೂ ದೊರೆಯರು.

ಆದರೆ ಕೊರತೆಗಳನ್ನು ಮರೆಮಾಚುವುದು ನಿಜವಾದ ಅಭಿಮಾನವಲ್ಲ. ಅನೇಕ ಊರುಗಳಲ್ಲಿ ನಾಟಕದ ಖರ್ಚನ್ನು ಪಾತ್ರಧಾರಿಗಳೇ ಹಂಚಿಕೊಳ್ಳುವ ರೂಢಿಯಿದೆ. ಪಾತ್ರ ದೊಡ್ಡದಾದಷ್ಟೂ ತೆರಬೇಕಾದ ಹಣವೂ ಹೆಚ್ಚು. ದುರ್ಯೋಧನನಾಗಲಿ ಕೃಷ್ಣನಾಗಲಿ ಆಗಬೇಕಾದರೆ ಕಂಠವಿದ್ದರೆ ಸಾಲದು, ಕೈಯಲ್ಲಿ ಕಾಸೂ ಇರಬೇಕು. ಒಳ್ಳೆಯ ಶಾರೀರವಿರುವ ಕೂಲಿಯವನ ಮಗ ಪರದೆಯ ಹಗ್ಗ ಹಿಡಿದು ನಿಲ್ಲುತ್ತಾನೆ. ಜಾತಿಯ ಗೋಡೆಯೂ ಎಲ್ಲೆಡೆ ಬಿದ್ದಿಲ್ಲ. ಊರಿನ ಎಲ್ಲ ಹಬ್ಬಗಳಿಗೂ ತಮಟೆ, ಉರುಮೆ ಬಾರಿಸಿ ಜೀವ ತುಂಬುವ ಕೇರಿಯವರಿಗೆ ಊರ ನಾಟಕದಲ್ಲಿ ಪಾತ್ರ ದೊರೆಯದೆ, ಅವರು ತಾವೇ ಬೇರೆಯಾಗಿ ನಾಟಕ ಕಟ್ಟಿಕೊಂಡ ನಿದರ್ಶನಗಳುಂಟು.

ಇನ್ನು ಸ್ತ್ರೀಪಾತ್ರಗಳ ವಿಷಯ. ದ್ರೌಪದಿ, ಕುಂತಿಯರ ಪಾತ್ರಕ್ಕೆ ವೃತ್ತಿನಟಿಯರನ್ನು ಹೊರಗಿನಿಂದ ಕರೆಸಲಾಗುತ್ತದೆ. ಹಲವು ಊರು, ಹಲವು ತಂಡಗಳ ನಡುವೆ ರಾತ್ರಿಯೆಲ್ಲ ದುಡಿದು ಬದುಕುವ ಆ ಕಲಾವಿದೆಯರ ಶ್ರಮ ಗೌರವಕ್ಕೆ ಯೋಗ್ಯವಾದದ್ದು. ಅದು ಅವರಿಗೆ ಯಾವಾಗಲೂ ದೊರೆಯುತ್ತಿದೆಯೆಂದು ಹೇಳುವಂತಿಲ್ಲ. ಅದೇ ಊರಿನ ಪ್ರೌಢಶಾಲೆಯಲ್ಲಿ ಓದುವ, ಭಾಷಣದಲ್ಲಿ, ಹಾಡಿನಲ್ಲಿ ಬಹುಮಾನ ಪಡೆಯುವ ಹುಡುಗಿಯರಿದ್ದಾರೆ. ಅವರು ಮಾತ್ರ ತಾಯಂದಿರ ಜೊತೆಗೆ ಚಾಪೆಯ ಮೇಲೆ ಕುಳಿತು ನೋಡುವವರೇ ಹೊರತು ರಂಗ ಏರುವವರಲ್ಲ.

ಇಲ್ಲಿ ಒಂದು ವಿಚಿತ್ರವನ್ನು ಗಮನಿಸಬೇಕು. ಊರಿನವರೆಲ್ಲ ಕಣ್ಣೀರಿಟ್ಟು ನೋಡುವ ಕರ್ಣನ ಕಥೆ ಏನನ್ನು ಹೇಳುತ್ತದೆ? ಅಸ್ತ್ರವಿದ್ಯೆಯ ಪ್ರದರ್ಶನಕ್ಕೆಂದು ರಂಗಸ್ಥಳಕ್ಕೆ ಬಂದ ವೀರನನ್ನು ‘ನಿನ್ನ ಕುಲವಾವುದು?’ ಎಂದು ಕೇಳಿ ತಲೆ ತಗ್ಗಿಸುವಂತೆ ಮಾಡಿದ ಕಥೆ ಅದು. ದ್ರೌಪದಿಯ ಪ್ರಸಂಗವೇನು? ತುಂಬಿದ ಸಭೆಯಲ್ಲಿ ಹಿರಿಯರೆಲ್ಲ ಬಾಯಿ ಮುಚ್ಚಿ ಕುಳಿತಿರುವಾಗ ಒಬ್ಬ ಹೆಣ್ಣುಮಗಳು ನ್ಯಾಯವನ್ನು ಕೇಳಿದ ಪ್ರಸಂಗ. ಕರ್ಣನಿಗಾಗಿ ಮರುಗುವ ಊರು ತನ್ನ ರಂಗಸ್ಥಳದಲ್ಲಿ ಕುಲವನ್ನು ಕೇಳುವುದಾದರೆ, ದ್ರೌಪದಿಯ ಪ್ರಶ್ನೆಗೆ ತಲೆದೂಗುವ ಸಭೆ ತನ್ನ ಹೆಣ್ಣುಮಕ್ಕಳ ಬಾಯಿಂದ ಆ ಪ್ರಶ್ನೆ ಬರಲು ಬಿಡದಿದ್ದರೆ, ಆ ನಾಟಕ ಇನ್ನೂ ಕಿವಿಯಿಂದ ಎದೆಗೆ ಇಳಿದಿಲ್ಲವೆಂದೇ ಅರ್ಥ.

ಈ ಕೊರತೆಗಳಿಗೆ ಊರ ನಾಟಕವನ್ನು ನಿಲ್ಲಿಸುವುದು ಪರಿಹಾರವಲ್ಲ. ಹೊಸ ರಂಗಭೂಮಿಯಿಂದ ಅದಕ್ಕೆ ಬೇಕಾದುದನ್ನು ಪಡೆಯುವುದೇ ಪರಿಹಾರ. ‘ಪಾತ್ರಧಾರಿಗಳು ಹಣ ಕೊಡದಿದ್ದರೆ ನಾಟಕ ನಡೆಯುವುದು ಹೇಗೆ?’ ಎಂದು ಹಿರಿಯರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಖರ್ಚಿನ ದೊಡ್ಡ ಭಾಗ ಹೋಗುವುದು ಬಾಡಿಗೆಯ ಸೀನರಿಗೆ, ದೀಪಕ್ಕೆ, ಧ್ವನಿವರ್ಧಕಕ್ಕೆ, ಉಡುಪಿಗೆ. ಒಂದು ಕೋಲನ್ನು ಹಿಡಿದರೆ ಕುದುರೆ, ಒಂದು ಬಟ್ಟೆಯನ್ನು ಬೀಸಿದರೆ ಹೊಳೆ ಎಂದು ನಂಬಿಸುವ ವಿದ್ಯೆ ಹೊಸ ರಂಗಭೂಮಿಯಲ್ಲಿದೆ. ಮೂಡಲಪಾಯದ ಅಜ್ಜಂದಿರಿಗೂ ಅದು ಗೊತ್ತಿತ್ತು. ಆಡಂಬರ ಇಳಿದರೆ ಖರ್ಚು ಇಳಿಯುತ್ತದೆ. ಖರ್ಚು ಇಳಿದರೆ ಊರೊಟ್ಟಿನ ವಂತಿಗೆಯೇ ಸಾಕಾಗುತ್ತದೆ. ಆಗ ಪಾತ್ರವನ್ನು ಹಣಕ್ಕಲ್ಲದೆ ಯೋಗ್ಯತೆಗೆ ಕೊಡಬಹುದು. ಬರಿಯ ರಂಗವೆಂಬುದು ನಗರದವರ ಶೋಕಿಯಲ್ಲ. ಬಡವನಿಗೆ ಬಾಗಿಲು ತೆರೆಯುವ ಕೀಲಿಕೈ.

‘ನಮ್ಮ ಹೆಣ್ಣುಮಕ್ಕಳು ರಂಗ ಏರುವುದು ಮರ್ಯಾದೆಯೆ?’ ಎಂಬುದು ಇನ್ನೊಂದು ಆಕ್ಷೇಪ. ಮೈಸೂರಿನ ಆರ್. ನಾಗರತ್ನಮ್ಮನವರು 1958ರಲ್ಲಿ ‘ಸ್ತ್ರೀ ನಾಟಕ ಮಂಡಳಿ’ಯನ್ನು ಕಟ್ಟಿ, ಗಂಡಸರ ಪಾತ್ರಗಳನ್ನೂ ಹೆಂಗಸರಿಂದಲೇ ಆಡಿಸಿದರು. ತಾವೇ ಕಂಸ, ರಾವಣರಂತಹ ಪಾತ್ರಗಳನ್ನು ವಹಿಸಿ ಪ್ರೇಕ್ಷಕರನ್ನು ಬೆರಗುಗೊಳಿಸಿದರು. 2012ರಲ್ಲಿ ಅವರಿಗೆ ಪದ್ಮಶ್ರೀ ಪ್ರಶಸ್ತಿ ದೊರೆಯಿತು. ಗದೆ ಹಿಡಿದ ಹೆಣ್ಣನ್ನು ದೇಶವೇ ಗೌರವಿಸಿರುವಾಗ ಊರು ಹಿಂಜರಿಯಬೇಕಾದ ಕಾರಣವಿಲ್ಲ. ಊರಿನ ಮಗಳೇ ದ್ರೌಪದಿಯಾದ ದಿನ, ಹೊರಗಿನಿಂದ ಬರುವ ನಟಿಯೂ ಊರಿನವರ ಕಣ್ಣಿಗೆ ಮಗಳಂತೆ ಕಾಣುವಳು.

ಮೂರನೆಯದು ಕಥೆಯ ಪ್ರಶ್ನೆ. ಕುರುಕ್ಷೇತ್ರ ಇರಲಿ, ಅದರ ಪದ್ಯಸಂಪತ್ತು ಉಳಿಯಬೇಕಾದುದೇ. ಆದರೆ ಈ ನೆಲದಲ್ಲಿಯೇ ನಾಟಕಕ್ಕೆ ವಸ್ತುವಾಗಬಲ್ಲ ಕಥೆಗಳು ಬೇಕಾದಷ್ಟಿವೆ. ಪಾವಗಡ ತಾಲ್ಲೂಕಿನ ತಿರುಮಣಿಯ ಸುತ್ತ ಸುಮಾರು 13,000 ಎಕರೆ ಭೂಮಿಯನ್ನು ರೈತರಿಂದ ಗುತ್ತಿಗೆಗೆ ಪಡೆದು, 2,000 ಮೆಗಾವ್ಯಾಟ್‌ಗೂ ಮಿಕ್ಕ ಸಾಮರ್ಥ್ಯದ ಸೌರ ವಿದ್ಯುತ್ ಉದ್ಯಾನವನ್ನು ನಿರ್ಮಿಸಲಾಗಿದೆ. ಬೆಳೆಯನ್ನು ಒಣಗಿಸುತ್ತಿದ್ದ ಬಿಸಿಲೇ ಈಗ ಬೆಳೆಯಾಗಿದೆ. ಭೂಮಿಯ ಒಡೆಯನಿಗೆ ಗುತ್ತಿಗೆ ಹಣ ಬರುತ್ತದೆ. ಅದೇ ಭೂಮಿಯಲ್ಲಿ ಕೂಲಿ ಮಾಡುತ್ತಿದ್ದವನಿಗೆ, ಕುರಿ ಮೇಯಿಸುತ್ತಿದ್ದವನಿಗೆ ಏನು ಬರುತ್ತದೆ? ಕೊಳವೆಬಾವಿ ಕೊರೆಸಿ ಕೊರೆಸಿ ಸಾಲಗಾರನಾದ ತಂದೆ, ಕೆಲಸ ಹುಡುಕಿ ಬೆಂಗಳೂರಿಗೆ ಹೋದ ಅಣ್ಣ, ಓದು ನಿಲ್ಲಿಸಿ ಮದುವೆ ಮಾಡಲು ಹೊರಟಾಗ ಎದುರು ನಿಂತ ತಂಗಿ, ಇವರೆಲ್ಲ ರಂಗದ ಮೇಲೆ ಬರಲು ಕಾದಿದ್ದಾರೆ. ಶಿರಾ ಸೀಮೆಯ ಗೊಲ್ಲರ ಹಟ್ಟಿಗಳಲ್ಲಿ ‘ಗಣೆ’ ಎಂಬ ಉದ್ದನೆಯ ಕೊಳಲಿನ ನಾದದೊಡನೆ ಹಾಡುವ ಜುಂಜಪ್ಪನ ಕಾವ್ಯವಿದೆ. ಜೋಕುಮಾರನ ಆಚರಣೆಯಿಂದ ಒಬ್ಬ ಕಂಬಾರರು ನಾಟಕ ಕಟ್ಟಿದರೆ, ಜುಂಜಪ್ಪನ ಗಣೆಯಿಂದ ಈ ಸೀಮೆಯ ಯುವಕರೂ ಅಂತಹುದನ್ನು ಕಟ್ಟಬಲ್ಲರು.

ಇದೆಲ್ಲ ಎಲ್ಲಿಂದ ಆರಂಭವಾಗಬೇಕು? ಊರಿನ ಪರದೆ ಒಂದೇ ದಿನದಲ್ಲಿ ಬದಲಾಗುವುದಿಲ್ಲ. ಆದರೆ ಪ್ರತಿ ಊರಿನಲ್ಲಿ, ಊರಿನ ಹತ್ತಿರದಲ್ಲಿ ಒಂದು ಶಾಲೆಯಿದೆ. ಅಲ್ಲಿ ಪಾತ್ರಕ್ಕೆ ಬೆಲೆ ಕಟ್ಟುವವರಿಲ್ಲ. ಕೇರಿಯ ಹುಡುಗ ಧರ್ಮರಾಯನಾಗಬಹುದು. ಗೌಡರ ಮಗ ಜಲಗಾರನಾಗಬಹುದು. ಸಣ್ಣ ದನಿಯ ಹುಡುಗಿ ಭೀಮನ ಗದೆಯನ್ನು ಎತ್ತಬಹುದು. ಹಾರ್ಮೋನಿಯಂ ಮೇಷ್ಟ್ರನ್ನು ಶಾಲೆಗೆ ಕರೆಸಿ ಪದ್ಯ ಹಾಡುವ ಕ್ರಮವನ್ನು ಮಕ್ಕಳು ಕಲಿಯಬಹುದು. ತಾವು ಬರೆದ ಹೊಸ ಕಿರುನಾಟಕವನ್ನು ಊರ ನಾಟಕದ ರಾತ್ರಿ, ಮೊದಲ ಪರದೆ ಏಳುವ ಮುನ್ನ, ಊರಿನವರಿಗೆ ತೋರಿಸಬಹುದು. ತಮ್ಮ ಮಕ್ಕಳು ಆಡುವುದನ್ನು ನೋಡಲು ಬರದ ತಂದೆ ತಾಯಿಗಳಿಲ್ಲ. ಹೊಸ ನಾಟಕವನ್ನು ಕಂಡು ನಗುತ್ತಿದ್ದ ಊರು ಹೀಗೆಯೇ ಅದನ್ನು ಒಪ್ಪಿಕೊಳ್ಳುವುದು ಸಾಧ್ಯ.

ನಾಟಕದ ಚಳವಳಿಗಳು ದೂರದ ನಗರಗಳಲ್ಲಿ, ದೊಡ್ಡವರ ಹೆಸರುಗಳಲ್ಲಿ ಮಾತ್ರ ನಡೆಯುವುವೆಂದು ಭಾವಿಸಬೇಕಾಗಿಲ್ಲ. ಹೆಗ್ಗೋಡು ಒಂದು ಹಳ್ಳಿಯೇ. ಗುಬ್ಬಿಯೂ ಒಂದು ಸಣ್ಣ ಊರೇ. ಮಧುಗಿರಿಯ ಬಂಡೆಯ ಕೆಳಗೆ, ಶಿರಾದ ಕೆರೆಯ ಏರಿಯ ಬದಿಯಲ್ಲಿ, ಕೊರಟಗೆರೆಯ ಹೊಲಗಳ ನಡುವೆ, ಪಾವಗಡದ ಬಿಸಿಲಿನಲ್ಲಿ ರಂಗ ಆಗಲೇ ಸಿದ್ಧವಾಗಿದೆ. ಪ್ರೇಕ್ಷಕರೂ ಬಂದು ಕುಳಿತಿದ್ದಾರೆ. ಇಷ್ಟು ಕಾಲ ಹಗ್ಗ ಹಿಡಿದು ನಿಂತವರನ್ನೂ ಚಾಪೆಯ ಮೇಲೆ ಕುಳಿತವರನ್ನೂ ರಂಗದ ಮೇಲೆ ಕರೆಯುವ ಕೆಲಸವೊಂದು ಉಳಿದಿದೆ. ಅದು ಮುಂದಿನ ತಲೆಮಾರಿನ ಪಾಲಿಗೆ ಬಂದಿರುವ ಕೆಲಸ.